ಠೇವಣಿಗೆ ಕಾವಲು ಯಾರದು?

ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಎರಡು ಬಗೆಯ ಸುದ್ದಿಗಳು ಆಗಾಗ ಕಾಣುತ್ತವೆ. ಒಂದರಲ್ಲಿ ರಿಸರ್ವ್ ಬ್ಯಾಂಕು ಯಾವುದೋ ಸಹಕಾರಿ ಬ್ಯಾಂಕಿನ ಪರವಾನಗಿ ರದ್ದು ಮಾಡಿರುತ್ತದೆ. ಬಹುಪಾಲು ಠೇವಣಿದಾರರಿಗೆ ಪೂರ್ತಿ ಹಣ ಸಿಗಲಿದೆ ಎಂಬ ಸಾಲಿನೊಂದಿಗೆ ಆ ಸುದ್ದಿ ಮುಗಿಯುತ್ತದೆ. ಇನ್ನೊಂದರಲ್ಲಿ ಪತ್ತಿನ ಸಹಕಾರ ಸಂಘವೊಂದರ ಮುಚ್ಚಿದ ಷಟರ್ ಮುಂದೆ ಜನ ಠೇವಣಿ ರಸೀದಿ ಹಿಡಿದು ನಿಂತಿರುತ್ತಾರೆ, ಅಧಿಕಾರಿಗಳು ಬಂದು ಮನವಿ ಸ್ವೀಕರಿಸುತ್ತಾರೆ. ಹಣ ಎಂದು ಸಿಗುತ್ತದೆ ಎಂಬ ಸಾಲು ಅಲ್ಲಿ ಇರುವುದಿಲ್ಲ.

ಎರಡನ್ನೂ ಓದಿದವರಿಗೆ ಗೊಂದಲವಾಗುವುದು ಸಹಜ. ಎರಡೂ ಸಹಕಾರಿ ಸಂಸ್ಥೆಗಳೇ, ಎರಡಕ್ಕೂ ಸರ್ಕಾರದ ನೋಂದಣಿ ಇದೆ, ಎರಡರಲ್ಲೂ ವರ್ಷಾವರ್ಷ ಲೆಕ್ಕಪರಿಶೋಧನೆ ನಡೆಯುತ್ತದೆ. ಹಾಗಿದ್ದೂ ಒಬ್ಬ ಠೇವಣಿದಾರನಿಗೆ 90 ದಿನಗಳ ಗಡುವು, ಮತ್ತೊಬ್ಬನಿಗೆ ವರ್ಷಗಟ್ಟಲೆ ಅಲೆದಾಟ ಏಕೆ? ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳಲ್ಲಿ ಪ್ರಶ್ನೆ ಇನ್ನೂ ಹತ್ತಿರದ್ದು. ಇಲ್ಲಿ ಪೇಟೆಯ ಒಂದು ಬೀದಿ ದಾಟುವಷ್ಟರಲ್ಲಿ ಮೂರು ನಾಲ್ಕು ಪತ್ತಿನ ಸಂಘಗಳ ಫಲಕ ಕಾಣುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ಹಂಗಾಮಿನ ಹಣ, ಬೆಟಗೇರಿಯ ನೇಕಾರರ ಉಳಿತಾಯ, ಹುಬ್ಬಳ್ಳಿಯ ರೈಲ್ವೆ ಮತ್ತು ಸಾರಿಗೆ ನಿಗಮದ ನಿವೃತ್ತರ ಗ್ರಾಚ್ಯುಟಿ ಇವೆಲ್ಲ ಒಂದಲ್ಲ ಒಂದು ಕೌಂಟರಿನಲ್ಲಿ ಮುದ್ದತಿ ಠೇವಣಿಯಾಗಿ ಕೂತಿರುತ್ತವೆ.

ಫಲಕ ಒಂದೇ ಬಗೆ, ಕಾನೂನು ಬೇರೆ ಬೇರೆ

ಮಾತಿನಲ್ಲಿ ಎಲ್ಲವೂ 'ಬ್ಯಾಂಕು'. ಪಿಗ್ಮಿ ಕಟ್ಟಿಸಿಕೊಳ್ಳಲು ಬರುವವನೂ 'ಬ್ಯಾಂಕಿನವನು'. ಈ ಸಲುಗೆಯ ಮಾತೇ ಮೊದಲ ಮೋಸ.

ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಇವು ಬ್ಯಾಂಕಿಂಗ್ ಕಾನೂನಿನ ಒಳಗಿನವು. ಇವುಗಳ ಠೇವಣಿಗೆ ಠೇವಣಿ ವಿಮಾ ನಿಗಮದ ರಕ್ಷಣೆ ಇದೆ. 2020ರ ಫೆಬ್ರುವರಿ 4ರಿಂದ ಅದರ ಮಿತಿ 1 ಲಕ್ಷ ರೂಪಾಯಿಯಿಂದ 5 ಲಕ್ಷಕ್ಕೆ ಏರಿತು. 2021ರ ತಿದ್ದುಪಡಿಯ ನಂತರ, ರಿಸರ್ವ್ ಬ್ಯಾಂಕು ಒಂದು ಬ್ಯಾಂಕಿನ ಮೇಲೆ ಹಣ ಹಿಂಪಡೆಯದಂತೆ ನಿರ್ಬಂಧ ಹೇರಿದರೆ, ಪರವಾನಗಿ ರದ್ದಾಗುವವರೆಗೆ ಕಾಯದೆ 90 ದಿನಗಳಲ್ಲಿ ವಿಮೆಯ ಹಣ ಕೊಡಬೇಕು. ಇಲ್ಲೊಂದು ತಪ್ಪು ತಿಳಿವಳಿಕೆಯೂ ಇದೆ. 5 ಲಕ್ಷವೆಂದರೆ ಒಂದು ಖಾತೆಗೆ 5 ಲಕ್ಷ ಅಲ್ಲ. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಇರುವ ಅಸಲು ಮತ್ತು ಬಡ್ಡಿ ಎಲ್ಲ ಸೇರಿ 5 ಲಕ್ಷ. ಕೇಶ್ವಾಪುರ ಶಾಖೆಯಲ್ಲಿ 4 ಲಕ್ಷ, ಧಾರವಾಡ ಶಾಖೆಯಲ್ಲಿ 4 ಲಕ್ಷ ಇಟ್ಟವರಿಗೆ ಖಾತರಿ ಇರುವುದು 8 ಲಕ್ಷಕ್ಕಲ್ಲ.

ಪತ್ತಿನ ಸಹಕಾರ ಸಂಘಗಳು ಈ ಬೇಲಿಯ ಹೊರಗಿವೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾದವಿರಲಿ, 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ಹುಟ್ಟಿದ ಸೌಹಾರ್ದಗಳಿರಲಿ, ಅವುಗಳಿಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲ, ಠೇವಣಿ ವಿಮೆ ಇಲ್ಲ, ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಕಚೇರಿಗೆ ಅವುಗಳ ಮೇಲಿನ ದೂರು ಹೋಗುವುದಿಲ್ಲ. ಅವು ತಮ್ಮ ಸದಸ್ಯರ ಹಣ ಪಡೆದು ತಮ್ಮ ಸದಸ್ಯರಿಗೇ ಸಾಲ ಕೊಡುವ ಸಂಘಗಳು. ಇಂಥ ಸಂಘಗಳು ಹೆಸರಿನಲ್ಲಿ 'ಬ್ಯಾಂಕ್' ಪದ ಬಳಸುವಂತಿಲ್ಲ, ಅವುಗಳ ಠೇವಣಿಗೆ ವಿಮೆಯಿಲ್ಲ ಎಂದು 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಿತ್ತು. ಹಲವು ರಾಜ್ಯಗಳಲ್ಲಿ ಶಾಖೆ ಇರುವ ಬಹುರಾಜ್ಯ ಸಹಕಾರ ಸಂಘಗಳು ಇನ್ನೂ ದೂರದವು. ಅವುಗಳ ನಿಬಂಧಕರು ಇರುವುದು ದಿಲ್ಲಿಯಲ್ಲಿ. ರೋಣದ ಠೇವಣಿದಾರ ತಾಲ್ಲೂಕಿನ ಸಹಕಾರ ಕಚೇರಿಗೆ ಹೋದರೆ 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಉತ್ತರ ಸಿಗುವುದು ಇದಕ್ಕೇ.

ಚಿನ್ನದ ಅಂಗಡಿಯ 11 ತಿಂಗಳ ಕಂತಿನ ಯೋಜನೆ ಇದರಾಚೆಯದು. 365 ದಿನಗಳ ಒಳಗೆ ಸರಕು ಕೊಡುವ ಮುಂಗಡವನ್ನು ಕಂಪನಿ ಕಾನೂನು ಠೇವಣಿ ಎಂದು ಎಣಿಸುವುದಿಲ್ಲ. ಆ 11ರ ಲೆಕ್ಕ ಹುಟ್ಟಿದ್ದು ಪಂಚಾಂಗದಿಂದ ಅಲ್ಲ.

ಹೆಸರು ಬದಲಾದ ಮಾತ್ರಕ್ಕೆ ಗಾಬರಿಯಾಗುವವರೂ ಇದ್ದಾರೆ. ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಂದಿಗೆ ಸೇರಿ, ಪ್ರಧಾನ ಕಚೇರಿ ಬಳ್ಳಾರಿಗೆ ಹೋಯಿತು. ಅಲ್ಲಿನ ಠೇವಣಿಯ ಸ್ಥಿತಿ ಅದರಿಂದ ಬದಲಾಗಿಲ್ಲ. ಹೆಸರು ಬದಲಾದಾಗ ಹೆದರಿದ ಅದೇ ಮನೆಯವರು ವಿಮೆಯೇ ಇಲ್ಲದ ಸಂಘದಲ್ಲಿ ದೊಡ್ಡ ಮೊತ್ತ ಇಟ್ಟು ನಿಶ್ಚಿಂತರಾಗಿರುವುದುಂಟು.

ಕಣಗಿನಹಾಳದಲ್ಲಿ ಕಾವಲು ಹೇಗಿತ್ತು

ಸಹಕಾರಕ್ಕೆ ಈ ನೆಲ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘವನ್ನು ದೇಶದ ಸಹಕಾರ ಚಳವಳಿಯ ತೊಟ್ಟಿಲು ಎಂದೇ ಕರೆಯುತ್ತಾರೆ. ಅದರ ಹಿಂದಿನ ವರ್ಷವಷ್ಟೇ, 1904ರಲ್ಲಿ, ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದಿತ್ತು.

ಆ ಕಾಯ್ದೆಯಲ್ಲಿದ್ದ ಒಂದು ನಿಯಮವನ್ನು ಇಂದು ಯಾರೂ ನೆನೆಯುವುದಿಲ್ಲ. ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಸಾಲಗಾರ ಕೈಯೆತ್ತಿದರೆ ಉಳಿದ ಸದಸ್ಯರ ಆಸ್ತಿಗೂ ಅದರ ಬಿಸಿ ತಟ್ಟಬಹುದಿತ್ತು. ಜರ್ಮನಿಯ ರೈಫೈಸನ್ ಮಾದರಿಯಿಂದ ಬಂದ ಈ ನಿಯಮ ಕ್ರೂರವಾಗಿ ಕಾಣುತ್ತದೆ. ಆದರೆ ಅದರ ಪರಿಣಾಮ ನೋಡಿ: ಯಾರಿಗೆ ಸಾಲ ಹೋಗುತ್ತಿದೆ, ಆ ಸಾಲದಲ್ಲಿ ಎತ್ತು ಬಂತೋ ಮದುವೆ ಆಯಿತೋ ಎಂಬುದನ್ನು ಇಡೀ ಊರೇ ಗಮನಿಸುತ್ತಿತ್ತು. ಸಾಲಗಾರನ ಹೊಲ ಎಲ್ಲಿದೆ, ಅದು ಎರೆಯೋ ಮಸಾರಿಯೋ, ಈ ಸಲ ಅಲ್ಲಿ ಏನು ಬಿತ್ತಿದ್ದಾರೆ ಎಂಬುದು ಸಂಘದ ಪ್ರತಿ ಸದಸ್ಯನಿಗೂ ಗೊತ್ತಿತ್ತು. ಲೆಕ್ಕಪರಿಶೋಧಕ ವರ್ಷಕ್ಕೊಮ್ಮೆ ನೋಡುವುದನ್ನು ನೆರೆಯವರು ದಿನಾ ನೋಡುತ್ತಿದ್ದರು.

ಅದೇ ಮಾದರಿ ಊರು ಬಿಟ್ಟು ಪೇಟೆಗೆ ಬಂದಾಗ ಹೊಣೆಗೆ ಮಿತಿ ಬಂತು. ಶೇರಿನ ಮೊತ್ತದಾಚೆಗೆ ಸದಸ್ಯನಿಗೆ ಬಾಧ್ಯತೆ ಇಲ್ಲ. ಬೆಳವಣಿಗೆಗೆ ಇದು ಬೇಕಿತ್ತು, ಅದರಲ್ಲಿ ತಪ್ಪಿಲ್ಲ. ಹುಬ್ಬಳ್ಳಿಯ ಒಂದು ಸಂಘ ಲಕ್ಷ್ಮೇಶ್ವರ, ರಾಣೆಬೆನ್ನೂರು, ಶಿಗ್ಗಾವಿಗಳಲ್ಲಿ ಶಾಖೆ ತೆರೆದಾಗ ಒಂದು ಊರಿನ ಠೇವಣಿದಾರನಿಗೆ ಇನ್ನೊಂದು ಊರಿನ ಸಾಲಗಾರನ ಮುಖಪರಿಚಯವೂ ಉಳಿಯಲಿಲ್ಲ. ನೆರೆಯವರ ಕಣ್ಣು ಹೋಯಿತು. ಅದರ ಜಾಗಕ್ಕೆ ಬರಬೇಕಾಗಿದ್ದ ವೃತ್ತಿಪರ ಕಣ್ಣು ಪೂರ್ತಿಯಾಗಿ ಬರಲೇ ಇಲ್ಲ. ಇಂದಿನ ಬಹುತೇಕ ನಷ್ಟಗಳ ಬೇರು ಈ ನಡುವಿನ ಖಾಲಿ ಜಾಗದಲ್ಲಿದೆ.

ಶೇ 11ರ ಹಿಂದಿನ ಗಣಿತ

ಬ್ಯಾಂಕುಗಳು ಶೇ 7ರ ಆಸುಪಾಸು ಕೊಡುವಾಗ ಸಂಘವೊಂದು ಶೇ 11 ಕೊಡುತ್ತದೆ ಎಂದುಕೊಳ್ಳೋಣ. ಆ ಹೆಚ್ಚುವರಿ 4 ಎಲ್ಲಿಂದ ಬರುತ್ತದೆ?

ಸಂಘದ ಬಳಿ 1 ಕೋಟಿ ರೂಪಾಯಿ ಠೇವಣಿ ಇದೆ. ವರ್ಷಕ್ಕೆ 11 ಲಕ್ಷ ಬಡ್ಡಿ ಕೊಡಬೇಕು. ಸಿಬ್ಬಂದಿ ಸಂಬಳ, ಬಾಡಿಗೆ, ಪಿಗ್ಮಿ ಏಜೆಂಟರ ಕಮಿಷನ್ ಸೇರಿ 3 ಲಕ್ಷ ಖರ್ಚು. ಒಟ್ಟು 14 ಲಕ್ಷ ದುಡಿಯಬೇಕು. ಠೇವಣಿ ಕೇಳಿ ಬಂದವರಿಗೆ ಕೊಡಲು 25 ಲಕ್ಷವನ್ನು ಬ್ಯಾಂಕಿನಲ್ಲಿ ಶೇ 7ಕ್ಕೆ ಇಟ್ಟರೆ ಅದರಿಂದ 1.75 ಲಕ್ಷ ಬರುತ್ತದೆ. ಉಳಿದ 12.25 ಲಕ್ಷವನ್ನು 75 ಲಕ್ಷದ ಸಾಲಗಳಿಂದ ಗಳಿಸಬೇಕು. ಅಂದರೆ ಸಾಲದ ಬಡ್ಡಿ ಶೇ 16.3 ಇದ್ದರೆ ಮಾತ್ರ ಸರಿಗೆ ಸರಿ. ಲಾಭಾಂಶ, ಮೀಸಲು ನಿಧಿ ಯಾವುದೂ ಈ ಲೆಕ್ಕದಲ್ಲಿ ಇಲ್ಲ.

ಈಗ ಆ 75ರಲ್ಲಿ 10 ಲಕ್ಷ ಸುಸ್ತಿಯಾಯಿತು ಎನ್ನಿ. ಉಳಿದ 65 ಲಕ್ಷದಿಂದಲೇ 12.25 ಬರಬೇಕಾದ್ದರಿಂದ ಬೇಕಾದ ದರ ಶೇ 18.8ಕ್ಕೆ ಏರುತ್ತದೆ. 20 ಲಕ್ಷ ಸುಸ್ತಿಯಾದರೆ ಶೇ 22 ದಾಟುತ್ತದೆ. ಆ ದರಕ್ಕೆ ಸಾಲ ಪಡೆಯುವವರು ಯಾರು? ಬೇರೆಲ್ಲೂ ಸಾಲ ಹುಟ್ಟದವರು, ಇಲ್ಲವೇ ಹುಬ್ಬಳ್ಳಿ-ಧಾರವಾಡ ಬೈಪಾಸಿನ ಬದಿಯಲ್ಲಿ ಲೇಔಟ್ ಮಾಡಿ ಎರಡೇ ವರ್ಷದಲ್ಲಿ ದುಪ್ಪಟ್ಟು ಮಾಡುತ್ತೇನೆ ಎನ್ನುವವರು. ಹೆಚ್ಚು ಬಡ್ಡಿ ಒಳ್ಳೆಯ ಸಾಲಗಾರನನ್ನು ಓಡಿಸಿ, ಅಪಾಯದ ಸಾಲಗಾರನನ್ನು ಕರೆತರುತ್ತದೆ. ಠೇವಣಿಯ ಅವಧಿ ಒಂದು ವರ್ಷ, ಸೈಟು ಮಾರಾಟವಾಗಲು ಐದು ವರ್ಷ. ಈ ಅಂತರವನ್ನು ತುಂಬುವುದು ಹೊಸ ಠೇವಣಿ. ಹೊಸ ಠೇವಣಿ ಬೇಕಾದರೆ ದರ ಇನ್ನೂ ಅರ್ಧ ಪರ್ಸೆಂಟು ಏರಬೇಕು. ಫಲಕದ ಮೇಲಿನ ಬಡ್ಡಿದರ ವರ್ಷವರ್ಷ ಏರುತ್ತಿದೆ ಎಂದರೆ ಅದನ್ನು ಸಂಘದ ಬೆಳವಣಿಗೆ ಎಂದು ಓದುವ ಬದಲು ಬಾಯಾರಿಕೆ ಎಂದು ಓದುವುದು ಸರಿ.

ಜನ ಇತ್ತ ಬರಲು ಬಡ್ಡಿಯೊಂದೇ ಕಾರಣವೂ ಅಲ್ಲ. ಸದಸ್ಯರಿಗೆ ಕೊಡುವ ಬಡ್ಡಿಯಿಂದ ಸಣ್ಣ ಸಂಘಗಳು ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿತ ಮಾಡಬೇಕಾಗಿಲ್ಲ. ಆದಾಯ ತೆರಿಗೆ ಅದರಿಂದ ಮಾಫಿಯಾಗುವುದಿಲ್ಲ, ಕಡಿತವಷ್ಟೇ ಇಲ್ಲ. 'ಇಲ್ಲಿ ಟ್ಯಾಕ್ಸ್ ಇಲ್ಲ' ಎಂಬ ಅರ್ಧ ಸತ್ಯವನ್ನು ಬಾಯಿಂದ ಬಾಯಿಗೆ ದಾಟಿಸುವುದರಲ್ಲಿ ಏಜೆಂಟರ ಪಾಲು ದೊಡ್ಡದು.

'ಬರತಕ್ಕ ಬಡ್ಡಿ' ಎಂಬ ಸಾಲು

ಉತ್ತರ ಕರ್ನಾಟಕದ ಸಂಘಗಳ ವಾರ್ಷಿಕ ವರದಿಯಲ್ಲಿ 'ಅಢಾವೆ ಪತ್ರಿಕೆ' (ಆಸ್ತಿ ಮತ್ತು ಹೊಣೆಗಳ ಪಟ್ಟಿ) ಎಂಬ ಪುಟವಿರುತ್ತದೆ. ಅದರ ಆಸ್ತಿಗಳ ಬದಿಯಲ್ಲಿ, ಸಾಲಗಳ ಪಟ್ಟಿಯ ಕೆಳಗೆ, 'ಬರತಕ್ಕ ಬಡ್ಡಿ' ಎಂಬ ಒಂದು ಸಾಲು. ಹೆಚ್ಚಿನವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಸಂಘದ ಆರೋಗ್ಯ ತಿಳಿಯಲು ಮೊದಲ ಪುಟದ ಅಧ್ಯಕ್ಷರ ಭಾಷಣಕ್ಕಿಂತ ಈ ಸಾಲು ಹೆಚ್ಚು ಉಪಯುಕ್ತ.

ಒಬ್ಬರಿಗೆ ಶೇ 16ರಂತೆ 10 ಲಕ್ಷ ಸಾಲ ಕೊಡಲಾಗಿದೆ. ವರ್ಷದ ಕೊನೆಗೆ 1.6 ಲಕ್ಷ ಬಡ್ಡಿ ಬರಬೇಕು, ಬಂದಿಲ್ಲ. ಗುಮಾಸ್ತ ಅದನ್ನು ಆದಾಯವೆಂದೇ ಬರೆದು, ಇನ್ನೂ ಕೈಗೆ ಬಂದಿಲ್ಲವಾದ್ದರಿಂದ 'ಬರತಕ್ಕದ್ದು' ಎಂದು ಆಸ್ತಿಯ ಬದಿಗೂ ಹಾಕುತ್ತಾನೆ. ಎರಡನೆಯ ವರ್ಷವೂ ಹಾಗೆಯೇ. ಈಗ ಸಾಲಗಾರ ಕೊಡಬೇಕಾದ್ದು 13.2 ಲಕ್ಷ. ಮಾರ್ಚ್ ಕೊನೆಯ ವಾರ ಅವನಿಗೇ, ಇಲ್ಲವೇ ಅವನ ತಮ್ಮನ ಹೆಸರಿಗೆ, 13.2 ಲಕ್ಷದ ಹೊಸ ಸಾಲ ಮಂಜೂರಾಗುತ್ತದೆ. ಅದೇ ಕ್ಷಣದಲ್ಲಿ ಹಳೆಯ ಸಾಲ ಚುಕ್ತಾ. ದಾಖಲೆಯ ಪ್ರಕಾರ ಅಸಲು ಬಂತು, ಬಡ್ಡಿ ಬಂತು, ಸುಸ್ತಿ ಸೊನ್ನೆ. ಒಂದು ರೂಪಾಯಿ ಕೂಡ ಬಾಗಿಲು ದಾಟಿ ಒಳಗೆ ಬಂದಿಲ್ಲ.

ಆದರೆ ಬಾಗಿಲು ದಾಟಿ ಹೊರಗೆ ಹೋಗುವುದು ನಿಜವಾದ ಹಣ. ಕಾಗದದ ಮೇಲಿನ ಲಾಭಕ್ಕೆ ಲಾಭಾಂಶ ಘೋಷಣೆಯಾಗುತ್ತದೆ, ನಿರ್ದೇಶಕರಿಗೆ ಸಭಾ ಭತ್ಯೆ ಹೋಗುತ್ತದೆ, ಸದಸ್ಯರಿಗೆ ಸ್ಟೀಲ್ ಡಬ್ಬಿಯೋ ಗೋಡೆ ಗಡಿಯಾರವೋ ಉಡುಗೊರೆ ಬರುತ್ತದೆ. ಇವೆಲ್ಲ ಯಾರ ಹಣ? ಈ ತಿಂಗಳು ಹೊಸದಾಗಿ ಠೇವಣಿ ಇಟ್ಟವರ ಹಣ. ಯಾರೂ ಮೋಸ ಮಾಡಬೇಕೆಂದು ಕೂತು ಯೋಜನೆ ಹಾಕದೆಯೂ ಸಂಘವೊಂದು ಹೀಗೆ ಮೆಲ್ಲಗೆ ಸರಪಳಿ ಯೋಜನೆಯ ರೂಪ ಪಡೆಯುತ್ತದೆ. ದುರುದ್ದೇಶ ಇದ್ದವರ ಕೈಗೆ ಸಿಕ್ಕರಂತೂ ಕೇಳುವುದೇ ಬೇಡ.

ಬ್ಯಾಂಕುಗಳಿಗೆ ಇಲ್ಲಿ ಒಂದು ಕಡಿವಾಣವಿದೆ. 90 ದಿನ ಬಡ್ಡಿ ಬಾರದಿದ್ದರೆ ಸಾಲವನ್ನು ಅನುತ್ಪಾದಕ ಎಂದು ತೋರಿಸಬೇಕು, ಅಲ್ಲಿಂದ ಮುಂದೆ ಕೈಗೆ ಬಾರದ ಬಡ್ಡಿಯನ್ನು ಆದಾಯವೆಂದು ಬರೆಯುವಂತಿಲ್ಲ. ಪತ್ತಿನ ಸಂಘಗಳಲ್ಲಿ ಇಷ್ಟು ಬಿಗಿ ಇರುವುದೂ ಇಲ್ಲದಿರುವುದೂ ಬಹುಮಟ್ಟಿಗೆ ಲೆಕ್ಕಪರಿಶೋಧಕರ ಹಟವನ್ನೇ ಅವಲಂಬಿಸಿರುತ್ತದೆ. ಹಾಗಾಗಿ ಎರಡು ಮೂರು ವರ್ಷಗಳ ವರದಿ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಸಾಲ ಶೇ 10 ಬೆಳೆದಿರುವಾಗ 'ಬರತಕ್ಕ ಬಡ್ಡಿ' ಶೇ 40 ಬೆಳೆದಿದ್ದರೆ ಬಡ್ಡಿ ಪುಸ್ತಕದಲ್ಲಷ್ಟೇ ಬರುತ್ತಿದೆ ಎಂದರ್ಥ. ಅದರ ಜೊತೆಗೆ ನಿರ್ದೇಶಕರು ಮತ್ತು ಅವರ ಬಂಧುಗಳ ಸಾಲದ ವಿವರ, ಹಿಂದಿನ ವರ್ಷದ ಲೆಕ್ಕಪರಿಶೋಧನಾ ನ್ಯೂನತೆಗಳಿಗೆ ಕೊಟ್ಟ ಅನುಪಾಲನಾ ವರದಿ ಇವೆರಡನ್ನೂ ನೋಡಿದರೆ ಸಾಕು. 'ಸರಿಪಡಿಸಲಾಗುವುದು' ಎಂಬ ಒಂದೇ ಉತ್ತರ ಮೂರು ವರ್ಷ ಬಂದಿದ್ದರೆ ಅದಕ್ಕಿಂತ ಸ್ಪಷ್ಟವಾದ ಮಾಹಿತಿ ಬೇಕಿಲ್ಲ.

'ಎ' ಶ್ರೇಣಿಯನ್ನು ನಂಬಬಹುದೇ

ಗೋಡೆಯ ಮೇಲೆ 'ಆಡಿಟ್ ವರ್ಗ: ಎ' ಎಂದು ಬರೆದಿರುವ ಸಂಘವೂ ಮುಳುಗಬಲ್ಲದು. ಕಾರಣ ಸರಳ. ಆ ಅಕ್ಷರ ಹೇಳುವುದು ಕಳೆದ ಮಾರ್ಚ್ 31ರ ದಿನ ಪುಸ್ತಕಗಳು ಹೇಗೆ ಕಂಡವು ಎಂಬುದನ್ನು. ಏಪ್ರಿಲ್ ತಿಂಗಳ ಮಾತು ಅದಕ್ಕೆ ತಿಳಿಯದು.

ನೋಡಬೇಕಾದವರ ಸಾಲು ಚಿಕ್ಕದೇನಲ್ಲ. ಕಾರ್ಯದರ್ಶಿಯ ಮೇಲೆ ಆಡಳಿತ ಮಂಡಳಿ, ಅದರ ಮೇಲೆ ಸರ್ವಸಾಧಾರಣ ಸಭೆ, ಹೊರಗಿನಿಂದ ಲೆಕ್ಕಪರಿಶೋಧಕರು, ಇಲಾಖೆಯಲ್ಲಿ ಸಹಾಯಕ ನಿಬಂಧಕರು, ಉಪನಿಬಂಧಕರು, ಸೌಹಾರ್ದಗಳಿಗೆ ಅವುಗಳ ಒಕ್ಕೂಟವಾದ ಬೆಂಗಳೂರಿನ ಸಂಯುಕ್ತ ಸಹಕಾರಿ. ಇಷ್ಟು ಜನ ಇರುವುದೇ ತೊಡಕಾಗುತ್ತದೆ. ಠೇವಣಿದಾರ ಇಲಾಖೆ ನೋಡುತ್ತದೆ ಎಂದುಕೊಳ್ಳುತ್ತಾನೆ. ಇಲಾಖೆ ಲೆಕ್ಕಪರಿಶೋಧಕರ ವರದಿಗೆ ಕಾಯುತ್ತದೆ. ಲೆಕ್ಕಪರಿಶೋಧಕರು ಮಂಡಳಿ ಸಹಿ ಮಾಡಿಕೊಟ್ಟ ಪಟ್ಟಿಯನ್ನು ನಂಬುತ್ತಾರೆ. ಮಂಡಳಿಯ ಬಹುತೇಕ ಸದಸ್ಯರು ಕಾರ್ಯದರ್ಶಿ ಮುಂದಿಟ್ಟ ಠರಾವಿಗೆ ಸಹಿ ಹಾಕಿ ಚಹಾ ಕುಡಿದು ಹೋಗುತ್ತಾರೆ. ಸಂವಿಧಾನದ 97ನೇ ತಿದ್ದುಪಡಿಯ ನಂತರ ಕಾನೂನು ಬದಲಾಗಿ, ಅನುಮೋದಿತ ಪಟ್ಟಿಯಿಂದ ಲೆಕ್ಕಪರಿಶೋಧಕರನ್ನು ಆರಿಸಿಕೊಳ್ಳುವ ಅಧಿಕಾರ ಸಂಘದ ಸರ್ವಸಾಧಾರಣ ಸಭೆಗೇ ಬಂತು. ಸ್ವಾಯತ್ತತೆಯ ದೃಷ್ಟಿಯಿಂದ ಅದು ಸರಿ. ಆದರೆ ಸಭೆಯೇ ಖಾಲಿ ಹೊಡೆಯುವಾಗ ಆಯ್ಕೆ ಮಾಡುವವರು ಮಂಡಳಿಯವರೇ, ಅಂದರೆ ಯಾರ ಲೆಕ್ಕ ನೋಡಬೇಕೋ ಅವರೇ.

ಇನ್ನೊಂದು ಸೂಕ್ಷ್ಮವೂ ಇದೆ. ಠೇವಣಿ ಇಡಲು ಬಂದವರಿಂದ ಸಣ್ಣ ಶುಲ್ಕ ಪಡೆದು 'ನಾಮಮಾತ್ರ ಸದಸ್ಯ' ಎಂದು ಬರೆದುಕೊಳ್ಳುವ ರೂಢಿ ಹಲವೆಡೆ ಇದೆ. ಅಂಥವರಿಗೆ ಮತದ ಹಕ್ಕಿಲ್ಲ, ಲಾಭಾಂಶವಿಲ್ಲ. ಕಳೆದುಕೊಳ್ಳಲು ಲಕ್ಷಗಟ್ಟಲೆ ಇರುವವನಿಗೆ ಪ್ರಶ್ನೆ ಕೇಳುವ ಹಕ್ಕಿಲ್ಲ, ಹಕ್ಕಿರುವ ಶೇರುದಾರನಿಗೆ ಕಳೆದುಕೊಳ್ಳಲು ತನ್ನ ಶೇರಿನ ಹಣವಷ್ಟೇ ಇದೆ. ಕಾವಲು ಸಡಿಲವಾಗಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ.

ರಿಸರ್ವ್ ಬ್ಯಾಂಕಿನ ಕಣ್ಣಿದ್ದರೆ ಎಲ್ಲವೂ ಸರಿಯಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. 2019ರಲ್ಲಿ ಕುಸಿದ ಮುಂಬೈನ ಪಿಎಂಸಿ (ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ) ಬ್ಯಾಂಕು ತನ್ನ ಸಾಲದ ಶೇ 70ಕ್ಕೂ ಹೆಚ್ಚನ್ನು ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಕೊಟ್ಟು, ಅದನ್ನು ಮುಚ್ಚಿಡಲು ಸಾವಿರಾರು ಸುಳ್ಳು ಖಾತೆಗಳನ್ನು ಸೃಷ್ಟಿಸಿತ್ತು. 2025ರ ಫೆಬ್ರುವರಿಯಲ್ಲಿ ಮುಂಬೈನದೇ ನ್ಯೂ ಇಂಡಿಯಾ ಸಹಕಾರಿ ಬ್ಯಾಂಕಿನ ಪ್ರಕರಣ ಇನ್ನೂ ಸರಳ: ತಿಜೋರಿಯಲ್ಲಿ ಇರಬೇಕಾಗಿದ್ದ 122 ಕೋಟಿ ರೂಪಾಯಿ ನಗದು ಇರಲಿಲ್ಲ. ಪುಸ್ತಕದಲ್ಲಿತ್ತು, ಪೆಟ್ಟಿಗೆಯಲ್ಲಿರಲಿಲ್ಲ. ನೋಟು ಎಣಿಸುವಷ್ಟು ಸುಲಭದ ಕೆಲಸವೂ ಯಾರ ಕೆಲಸವೂ ಆಗದೆ ಉಳಿಯಬಹುದು. ವ್ಯತ್ಯಾಸ ಕಂಡದ್ದು ಆಮೇಲೆ. ನ್ಯೂ ಇಂಡಿಯಾ ಬ್ಯಾಂಕು ಅದೇ ವರ್ಷದ ಆಗಸ್ಟ್‌ನಲ್ಲಿ ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಎಂಸಿಯ ದೊಡ್ಡ ಠೇವಣಿದಾರರ ಹಣ ಹಲವು ವರ್ಷಗಳ ಕಂತಿನಲ್ಲಾದರೂ ಬರುವ ದಾರಿ ಆಯಿತು. ಪತ್ತಿನ ಸಂಘ ಮುಳುಗಿದಾಗ ಎತ್ತಿಕೊಳ್ಳಲು ಇನ್ನೊಂದು ಸಂಘ ಮುಂದೆ ಬರುವುದು ಅಪರೂಪ.

ಯಾರ ವಾದ ಏನು

'ಅತಿಯಾಸೆ ಪಟ್ಟರು, ಅನುಭವಿಸುತ್ತಾರೆ' ಎಂಬುದು ಬೀದಿಯ ತೀರ್ಪು. ತಿಂಗಳಿಗೆ ಶೇ 5 ಎಂದು ಆಸೆ ತೋರಿಸುವ ಮೊಬೈಲ್ ಆ್ಯಪುಗಳ ವಿಷಯದಲ್ಲಿ ಅದು ಒಪ್ಪಬಹುದಾದ ಮಾತು. ವರ್ಷಕ್ಕೆ ಎರಡು ಮೂರು ಪರ್ಸೆಂಟು ಹೆಚ್ಚು ಬಡ್ಡಿಗಾಗಿ, ಊರಿನ ಗಣ್ಯರು ಮಂಡಳಿಯಲ್ಲಿರುವ, ಸರ್ಕಾರ ನೋಂದಾಯಿಸಿದ ಸಂಘದಲ್ಲಿ ಹಣ ಇಟ್ಟ ನಿವೃತ್ತ ಶಿಕ್ಷಕರನ್ನು ಆಸೆಬುರುಕರು ಎನ್ನುವುದು ಅನ್ಯಾಯ. ನೋಂದಣಿಯನ್ನು ಅವರು ನಿಗಾ ಎಂದು ತಿಳಿದರು. ಹಾಗೆ ತಿಳಿಯುವಂತೆಯೇ ಫಲಕ ಬರೆದಿರುತ್ತಾರೆ.

ಠೇವಣಿದಾರರ ಬೇಡಿಕೆ ನೇರವಾಗಿದೆ: ಬ್ಯಾಂಕಿನಂತೆ ನಮಗೂ ವಿಮೆ ಕೊಡಿ. ಕೇರಳದಲ್ಲಿ ಸಹಕಾರ ಠೇವಣಿಗೆ ಖಾತರಿ ನಿಧಿ ಮಂಡಳಿಯೇ ಇದೆ ಎಂಬುದು ಅವರ ಉದಾಹರಣೆ. ಇದೆ, ನಿಜ. ಆದರೆ 2021ರಲ್ಲಿ ತ್ರಿಶೂರ್ ಜಿಲ್ಲೆಯ ಕರುವನ್ನೂರ್ ಸಂಘದ ಹಗರಣ ಹೊರಬಿದ್ದಾಗ ಅಲ್ಲಿನ ಠೇವಣಿದಾರರ ಪರದಾಟವನ್ನು ಆ ನಿಧಿ ತಪ್ಪಿಸಲಿಲ್ಲ. ವಿಮೆಗೆ ಇನ್ನೊಂದು ತೊಡಕೂ ಇದೆ. ಸರ್ಕಾರ ಹೇಗೂ ಕೊಡುತ್ತದೆ ಎಂದಾದರೆ ಠೇವಣಿದಾರ ಅಢಾವೆ ಪತ್ರಿಕೆ ನೋಡುವುದನ್ನು ಪೂರ್ತಿ ಬಿಡುತ್ತಾನೆ, ಮಂಡಳಿ ಇನ್ನಷ್ಟು ಧೈರ್ಯ ತೋರುತ್ತದೆ, ಚೆನ್ನಾಗಿ ನಡೆಯುವ ಸಂಘ ಕೆಟ್ಟ ಸಂಘದ ಕಂತನ್ನೂ ಹೊರಬೇಕಾಗುತ್ತದೆ. ಬ್ಯಾಂಕುಗಳಲ್ಲೂ ಇದೇ ದೂರು ಇದ್ದುದರಿಂದ, 100 ರೂಪಾಯಿಗೆ 12 ಪೈಸೆಯ ಏಕರೂಪದ ವಿಮಾ ಕಂತಿನ ಜಾಗದಲ್ಲಿ ಅಪಾಯಕ್ಕೆ ತಕ್ಕ ಕಂತು ತರುವುದಾಗಿ ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್‌ನಲ್ಲಿ ಘೋಷಿಸಿತು.

ಸಹಕಾರಿ ಮುಖಂಡರು ಇನ್ನೊಂದು ತುದಿಯಲ್ಲಿ ನಿಲ್ಲುತ್ತಾರೆ. ಸರ್ಕಾರಿ ಹಸ್ತಕ್ಷೇಪದಿಂದ ಬಿಡುಗಡೆ ಬೇಕೆಂದೇ ಸೌಹಾರ್ದ ಕಾಯ್ದೆ ಬಂತು, ಕೆಲವು ಕೊಳೆತ ಹಣ್ಣುಗಳಿಗಾಗಿ ಬುಟ್ಟಿಯನ್ನೇ ಎಸೆಯಬೇಡಿ ಎನ್ನುವುದು ಅವರ ಮಾತು. ದುರ್ಗದಬೈಲಿನ ತಳ್ಳುಗಾಡಿಯವನಿಗೆ ಸಾಯಂಕಾಲದೊಳಗೆ 20 ಸಾವಿರ ಕೊಡುವುದು ಸಂಘವೇ ಹೊರತು ಬ್ಯಾಂಕಲ್ಲ ಎಂಬುದರಲ್ಲಿ ಹುರುಳಿದೆ. ಆದರೆ ಸ್ವಾಯತ್ತತೆ ಕೇಳುವ ಮಂಡಳಿಗಳು ಸದಸ್ಯರ ನಿಗಾವನ್ನೂ ಅಷ್ಟೇ ಉತ್ಸಾಹದಿಂದ ಕೇಳಿದ್ದು ಕಡಿಮೆ. ಮೇಲಿನ ಕಾವಲು ಬೇಡ, ಕೆಳಗಿನ ಕಾವಲು ಇಲ್ಲ ಎಂದರೆ ಉಳಿಯುವುದು ಕಾರ್ಯದರ್ಶಿಯ ಪ್ರಾಮಾಣಿಕತೆ ಮಾತ್ರ. ಇಲಾಖೆಯ ಅಧಿಕಾರಿಗಳ ಅಳಲೂ ಇದೆ: ಸಂಘಗಳು ನೂರಾರು, ನೋಡುವ ಕೈಗಳು ಕೆಲವೇ. ಇದು ಸುಳ್ಳಲ್ಲವಾದರೂ, ದೂರು ಬಂದ ಸಂಘಕ್ಕೆ ಹೋಗಲೂ ತಿಂಗಳುಗಳು ಬೇಕೇ ಎಂಬ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಮುಳುಗಿದ ಮೇಲೆ

ಸಂಘ ಠೇವಣಿ ಹಿಂದಿರುಗಿಸದಿದ್ದರೆ 1959ರ ಕಾಯ್ದೆಯ 64ನೇ ಕಲಮಿನಡಿ ವಿಚಾರಣೆಗೆ ಆದೇಶವಾಗಬಹುದು. ತಪ್ಪು ಸಾಬೀತಾದರೆ 69ನೇ ಕಲಮಿನಡಿ ನಷ್ಟವನ್ನು ಹೊಣೆಗಾರರಿಂದ ವಸೂಲಿ ಮಾಡಬಹುದು. ಠೇವಣಿದಾರ 70ನೇ ಕಲಮಿನಡಿ ದಾವೆ ಹೂಡಬಹುದು. ಅದು ಬೇಡವೆನಿಸಿದರೆ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಸಹಕಾರ ಕಾಯ್ದೆಯಲ್ಲಿ ಪರಿಹಾರವಿದೆ ಎಂಬ ಕಾರಣಕ್ಕೆ ಗ್ರಾಹಕ ವೇದಿಕೆಯ ದಾರಿ ಮುಚ್ಚುವುದಿಲ್ಲ ಎಂದು ತಮಿಳುನಾಡಿನ ಸಂಘವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ವಂಚಕ ಹಣಕಾಸು ಸಂಸ್ಥೆಗಳ ಆಸ್ತಿ ಜಪ್ತಿ ಮಾಡಿ ಹಂಚಲು 2004ರ ರಾಜ್ಯ ಕಾಯ್ದೆ, ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸಲು 2019ರ ಕೇಂದ್ರ ಕಾಯ್ದೆ ಇವೆ. ಕಾನೂನಿಗೆ ಬರವಿಲ್ಲ.

ಬರ ಇರುವುದು ಸಮಯಕ್ಕೆ. ಆದೇಶ ಸಿಕ್ಕರೂ ಹಣ ಬರಬೇಕಾದ್ದು ಬರಿದಾದ ಅದೇ ಪೆಟ್ಟಿಗೆಯಿಂದ. ಅಡವಿಟ್ಟ ಸೈಟಿಗೆ ಎರಡು ಮೂರು ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆ, ಜಾಮೀನುದಾರ ತಡೆಯಾಜ್ಞೆ ತರುತ್ತಾನೆ. 10 ಲಕ್ಷ ಇಟ್ಟವರಿಗೆ 8 ವರ್ಷಗಳ ನಂತರ ಶೇ 40 ಸಿಕ್ಕಿತು ಎಂದುಕೊಂಡರೆ ಕೈಗೆ ಬಂದದ್ದು 4 ಲಕ್ಷ. ಅದೇ 10 ಲಕ್ಷ ಶೇ 7ರ ಚಕ್ರಬಡ್ಡಿಯಲ್ಲಿದ್ದರೆ 17 ಲಕ್ಷ ದಾಟಿರುತ್ತಿತ್ತು. ಹಾಗಾಗಿ ಸುದ್ದಿಯಲ್ಲಿ 'ಶೇ 40 ವಾಪಸ್' ಎಂದು ಬಂದದ್ದು ನಿಜಕ್ಕೂ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ.

ಸಹಾರಾ ಸಮೂಹದ ನಾಲ್ಕು ಬಹುರಾಜ್ಯ ಸಹಕಾರ ಸಂಘಗಳ ಕಥೆ ಇದಕ್ಕೆ ದೊಡ್ಡ ಸಾಕ್ಷಿ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 5,000 ಕೋಟಿ ರೂಪಾಯಿ ವರ್ಗವಾಗಿ, 2023ರ ಜುಲೈನಲ್ಲಿ ಮರುಪಾವತಿ ಪೋರ್ಟಲ್ ಆರಂಭವಾಯಿತು. ಮೊದಲ ಹಂತದಲ್ಲಿ ಒಬ್ಬರಿಗೆ ಗರಿಷ್ಠ 10 ಸಾವಿರ, 2024ರಲ್ಲಿ ಅದು 50 ಸಾವಿರಕ್ಕೆ ಏರಿತು. ಲಕ್ಷಗಳನ್ನು ಇಟ್ಟವರೂ ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು.

ಸುದ್ದಿ ಹರಡಿದ ದಿನಗಳಲ್ಲಿ ನಡೆಯುವುದು ಇನ್ನೊಂದು ಅನ್ಯಾಯ. ಮೊದಲು ಓಡಿಬಂದವರಿಗೆ ಪೂರ್ತಿ ಹಣ, ತಡವಾಗಿ ತಿಳಿದವರಿಗೆ ಸೊನ್ನೆ. ಮೊದಲು ತಿಳಿಯುವುದು ನಿರ್ದೇಶಕರ ಬಂಧುಗಳಿಗೆ. ಮುಂಡರಗಿಯ ಹಳ್ಳಿಯಿಂದ ಬಸ್ ಹಿಡಿದು ಬರುವವರಿಗೆ ಷಟರ್ ಕಾಣುತ್ತದೆ.

ಮುಂದೆ ಏನಾಗಬಹುದು

ಕುಸಿತಗಳು ಹೀಗೆ ಮುಂದುವರಿದರೆ ಠೇವಣಿ ದೊಡ್ಡ ಬ್ಯಾಂಕುಗಳತ್ತ ಸರಿಯುತ್ತದೆ. ಅದು ಠೇವಣಿದಾರನಿಗೆ ಕ್ಷೇಮ, ಸಣ್ಣ ಸಾಲಗಾರನಿಗಲ್ಲ. ಸಂಘ ಮುಚ್ಚಿದ ಪೇಟೆಯಲ್ಲಿ ತರಕಾರಿ ಮಾರುವವಳು ಮೈಕ್ರೋಫೈನಾನ್ಸ್ ಕಂತಿಗೋ ಮೀಟರ್ ಬಡ್ಡಿಗೋ ಹೋಗುತ್ತಾಳೆ. ಆ ವಸೂಲಿಯ ಕಾಟ ಎಷ್ಟಾಯಿತೆಂದರೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಚೆನ್ನಾಗಿ ನಡೆಯುತ್ತಿರುವ ಸಂಘಗಳಿಗೂ ಪಕ್ಕದ ಬೀದಿಯ ಸುದ್ದಿಯ ಬಿಸಿ ತಟ್ಟುತ್ತದೆ. ಅವಧಿಗೆ ಮುನ್ನವೇ ಠೇವಣಿ ಮುರಿಸುವವರು ಸಾಲು ನಿಂತರೆ ಗಟ್ಟಿ ಸಂಘವೂ ಅಲುಗಾಡುತ್ತದೆ.

ಇನ್ನೊಂದು ಸಾಧ್ಯತೆ, ವಿಮೆ ಬರುವವರೆಗೆ ಕಾಯದೆ ಮಾಹಿತಿಯನ್ನಾದರೂ ತೆರೆಯುವುದು. ಫಲಕದ ಮೇಲೆ ಬಡ್ಡಿದರ ಬರೆಯುವಷ್ಟೇ ದಪ್ಪ ಅಕ್ಷರದಲ್ಲಿ 'ಈ ಠೇವಣಿಗೆ ವಿಮೆ ಇಲ್ಲ' ಎಂದು ಬರೆಯಿಸಬಹುದು. ಲೆಕ್ಕಪರಿಶೋಧನಾ ವರದಿ, ನಿರ್ದೇಶಕರ ಸಾಲ, ಬರತಕ್ಕ ಬಡ್ಡಿ ಈ ಮೂರನ್ನು ಪ್ರತಿ ಸಂಘವೂ ಇಲಾಖೆಯ ಜಾಲತಾಣದಲ್ಲಿ ಹಾಕುವಂತೆ ಮಾಡಬಹುದು. ಇದಕ್ಕೆ ಹೊಸ ನಿಧಿ ಬೇಡ, ಹೆಚ್ಚು ಸಿಬ್ಬಂದಿಯೂ ಬೇಡ. ಬೇಕಾದ್ದು ಮಂಡಳಿಗಳ ಒಪ್ಪಿಗೆ ಅಥವಾ ಅವುಗಳ ಒಪ್ಪಿಗೆಗೆ ಕಾಯದ ಸರ್ಕಾರ. ಸಹಕಾರಿ ಸಂಘಗಳ ಮಂಡಳಿಯಿಂದಲೇ ವಿಧಾನಸಭೆಯತ್ತ ನಡೆಯುವ ರಾಜಕಾರಣಿಗಳು ಬಹಳ ಇರುವ ರಾಜ್ಯದಲ್ಲಿ ಎರಡನೆಯದು ಬೇಗ ಆಗುತ್ತದೆ ಎಂದು ನಿರೀಕ್ಷಿಸುವುದು ಕಷ್ಟ.

ಅಷ್ಟರವರೆಗೆ ಈಗಿರುವ ಕಾನೂನಿನಲ್ಲೇ ಒಂದು ದಿನ ಉಳಿದಿದೆ. ವಾರ್ಷಿಕ ಸರ್ವಸಾಧಾರಣ ಸಭೆಗಳು ಸೆಪ್ಟೆಂಬರ್‌ನಲ್ಲಿ ಸಾಲಾಗಿ ನಡೆಯುತ್ತವೆ. ವರದಿ ಪುಸ್ತಕ ಸಭೆಯ ಬಾಗಿಲಲ್ಲೇ ಸಿಗುತ್ತದೆ. ಕೋರಂ ಇಲ್ಲದೆ ಸಭೆ ಮುಂದೂಡಿ, ಸ್ವಲ್ಪ ಹೊತ್ತಿನ ನಂತರ ಅದೇ ಜಾಗದಲ್ಲಿ ಇದ್ದಷ್ಟು ಜನರಿಂದ ಅಢಾವೆ ಪತ್ರಿಕೆಗೆ ಮಂಜೂರಾತಿ ಪಡೆಯುವುದು ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ. ಊಟದ ಹೊತ್ತಿಗೆ ಮಾತ್ರ ಸಭಾಂಗಣ ತುಂಬಿರುತ್ತದೆ.